ಅಣ್ಣ ಸಣ್ಣಗೇ ಇದ್ದ, ಆದರೂ ಸ್ಟೆಂಟ್ ಬಿತ್ತು: ಕೊಬ್ಬಿನ ಹಾರ್ಮೋನು ಒಂದೊಂದು ಜನಕ್ಕೆ ಒಂದೊಂದು ಥರಾನಾ?

ಸಿಂಧನೂರು_ಲೆಕ್ಕ:

ಎಲ್ಲರಿಗೂ ನಮಸ್ಕಾರ. ನಾನು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ಡಾಕ್ಟರಿಕೆ ಗೊತ್ತಿಲ್ಲ, ತಪ್ಪಿದ್ದರೆ ತಿದ್ದಿ.

ಹೋದ ತಿಂಗಳು ನಮ್ಮಣ್ಣನಿಗೆ ಹಾರ್ಟ್ ಅಟ್ಯಾಕ್ ಆಯಿತು. ವಯಸ್ಸು 49. ಕಟ್ಟಿದ ರಕ್ತನಾಳ ತೆರೆದಿಡಲು ಎರಡು ಸ್ಟೆಂಟ್ ಹಾಕಿದರು, ಈಗ ಮನೆಗೆ ಬಂದಿದ್ದಾನೆ. ನೋಡಲು ಬಂದವರದ್ದೆಲ್ಲ ಒಂದೇ ಮಾತು: "ಕಡ್ಡಿ ಹಾಂಗ ಅದಾನ, ಇವಗ್ಯಾಕ ಬಂತು?" ಅವರು ಹೇಳುವುದೂ ಸುಳ್ಳಲ್ಲ. ಎತ್ತರ 5 ಅಡಿ 6 ಇಂಚು, ತೂಕ 66 ಕೆಜಿ. ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ನೋಡುವ ಲೆಕ್ಕ, ಹಾಕಿದೆ, 23.5 ಬಂತು. 25ರ ಒಳಗಿದ್ದರೆ ಸರಿ ಅಂತ ನಮ್ಮ ಮಿಲ್ಲಿನ ಗೋಡೆಯ ಚಾರ್ಟ್ ಹೇಳುತ್ತದೆ.

ಶಿಕಾಗೋದಲ್ಲಿರುವ ದೊಡ್ಡಪ್ಪನ ಮಗ ಫೋನ್ ಮಾಡಿದ್ದ. ಅಲ್ಲಿನ ಡಾಕ್ಟರ್ ಅವನಿಗೆ "ನೀನು ಭಾರತದವನು, ನಿನಗೆ 23ರಿಂದಲೇ ಎಚ್ಚರಿಕೆ" ಎಂದರಂತೆ. ಅದೇ ಕಟ್ಟಡದಲ್ಲಿರುವ ಬಿಳಿಯನಿಗೆ ಮಾತ್ರ 25. ನಮ್ಮವರ ಕೊಬ್ಬು ಬಿಡುವ ಹಾರ್ಮೋನಿನ ಲೆಕ್ಕವೇ ಬೇರೆ ಅಂತಲೂ ಹೇಳಿದರಂತೆ.

ಕೊಬ್ಬು ಹಾರ್ಮೋನು ಬಿಡುತ್ತದೆ ಅನ್ನುವುದೇ ನನಗೆ ಹೊಸದು. ಕೊಬ್ಬು ಅಂದರೆ ಸುಮ್ನೆ ಮೈಗೆ ಅಂಟಿಕೊಂಡು ಬಿದ್ದಿರುವ ವಸ್ತು ಅಂದುಕೊಂಡಿದ್ದೆ. ಯಾರಾದರೂ ಬಿಡಿಸಿ ಹೇಳುತ್ತೀರಾ? ನನಗೂ 41 ಆಯಿತು, ಅದಕ್ಕೇ ಕೇಳುತ್ತಿದ್ದೇನೆ.

ಗಂಗಾವತಿ_ಅಕ್ಕ:

ತಮ್ಮಾ, ನಾನು ನರ್ಸ್. ಅಣ್ಣ ಬೇಗ ಸುಧಾರಿಸಲಿ. ಮಾತ್ರೆ ಮಾತ್ರ ಒಂದು ದಿನವೂ ತಪ್ಪಿಸಬೇಡಿ. ರಕ್ತ ತೆಳುವಾಗುವ ಮಾತ್ರೆಯನ್ನು "ಈಗ ಆರಾಮಿದೀನಿ" ಅಂತ ತಾವೇ ನಿಲ್ಲಿಸಿ ಮತ್ತೆ ಅಡ್ಮಿಟ್ ಆದವರನ್ನು ನೋಡಿದ್ದೇನೆ.

ಒಂದು ಪ್ರಶ್ನೆ. ಎತ್ತರ ಬರೆದಿರಿ, ತೂಕ ಬರೆದಿರಿ. ಅಣ್ಣನಿಗೆ ಗುಟ್ಕಾ ಇತ್ತಾ? ಶುಗರ್, ಬಿಪಿ? ಹಾರ್ಮೋನಿನ ಸುದ್ದಿ ಆಮೇಲೆ ಮಾತಾಡೋಣ.

ಬಯೋಕೆಮ್_ಬಳ್ಳಾರಿ:

ಅಕ್ಕನ ಪ್ರಶ್ನೆಗೆ ಮೊದಲು ಉತ್ತರ ಕೊಡಿ ಸರ್. ಅಷ್ಟರಲ್ಲಿ ನಾನು ಕೊಬ್ಬಿನ ಕಥೆ ಹೇಳುತ್ತೇನೆ. ಮೆಡಿಕಲ್ ಓದುವ ಹುಡುಗರಿಗೆ ದಿನಾ ಇದೇ ಪಾಠ ಮಾಡುತ್ತೇನೆ.

ನೀವು ಅಂದುಕೊಂಡಿದ್ದನ್ನೇ 1994ರವರೆಗೆ ಬಹಳ ವಿಜ್ಞಾನಿಗಳೂ ಅಂದುಕೊಂಡಿದ್ದರು. ಆ ವರ್ಷ ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದಲ್ಲಿ ಜೆಫ್ರಿ ಫ್ರೀಡ್‌ಮನ್ ತಂಡ ಲೆಪ್ಟಿನ್ ಅನ್ನುವ ಕೊಬ್ಬಿನ ಹಾರ್ಮೋನು ಕಂಡುಹಿಡಿಯಿತು. ಎಷ್ಟು ತಿಂದರೂ ಹೊಟ್ಟೆ ತುಂಬದ ಒಂದು ಜಾತಿಯ ಇಲಿ ಇತ್ತು, ಉಬ್ಬಿ ಚೆಂಡಿನಂತೆ ಆಗುತ್ತಿತ್ತು. ಅದರ ಕೊಬ್ಬಿಗೆ ಲೆಪ್ಟಿನ್ ತಯಾರಿಸಲು ಬರುತ್ತಿರಲಿಲ್ಲ. "ಇಲ್ಲಿ ಸಾಕಷ್ಟು ಕೂಡಿಟ್ಟಿದ್ದೇವೆ, ಇನ್ನು ತಿನ್ನುವುದು ಸಾಕು" ಅಂತ ಕೊಬ್ಬು ಮಿದುಳಿಗೆ ಕಳಿಸುವ ಸುದ್ದಿ ಅದು. ಕೊಬ್ಬು ಹೆಚ್ಚಾದಷ್ಟೂ ರಕ್ತದಲ್ಲಿ ಲೆಪ್ಟಿನ್ ಹೆಚ್ಚು. ಆದರೆ ಬೊಜ್ಜು ಬಂದವರಲ್ಲಿ ಮಿದುಳು ಆ ಸುದ್ದಿಗೆ ಕಿವಿ ಕೊಡುವುದನ್ನು ಬಿಡುತ್ತದೆ. ಹಸಿವಿನ ವಿಷಯದಲ್ಲಿ ಕಿವುಡಾದರೂ, ಬಿಪಿ ಏರಿಸುವ ನರಗಳನ್ನು ಲೆಪ್ಟಿನ್ ತಟ್ಟುತ್ತಲೇ ಇರುತ್ತದೆ. ಹೃದಯಕ್ಕೆ ಮೊದಲ ಪೆಟ್ಟು ಅಲ್ಲಿ.

ಮರುವರ್ಷವೇ ಅಡಿಪೊನೆಕ್ಟಿನ್ ಸಿಕ್ಕಿತು. ಇದರ ನಡತೆ ಉಲ್ಟಾ. ತಯಾರಾಗುವುದು ಕೊಬ್ಬಿನಲ್ಲೇ, ಆದರೆ ಕೊಬ್ಬು ಜಾಸ್ತಿಯಾದರೆ ಇದು ಕಡಿಮೆ ಆಗುತ್ತದೆ. ಇನ್ಸುಲಿನ್ ಕೆಲಸಕ್ಕೆ ಕೈ ಜೋಡಿಸುತ್ತದೆ, ರಕ್ತನಾಳದ ಒಳಪದರವನ್ನು ಮೆತ್ತಗಿಡುತ್ತದೆ, ಉರಿಯೂತ (ಮೈಯೊಳಗಿನ ಊತ, ಕೆರಳುವಿಕೆ) ತಗ್ಗಿಸುತ್ತದೆ. 2001ರಲ್ಲಿ ರೆಸಿಸ್ಟಿನ್ ಅಂತ ಇನ್ನೊಂದು ಸಿಕ್ಕಿತು. ಅದು ಉರಿಯೂತದ ಪಕ್ಷ.

ಈಗ ನಿಮ್ಮ ಪ್ರಶ್ನೆ. ಒಂದೇ ಬಿಎಂಐ ಇರುವ ಒಬ್ಬ ಭಾರತೀಯನನ್ನೂ ಒಬ್ಬ ಯುರೋಪಿನ ಬಿಳಿಯನನ್ನೂ ಪಕ್ಕಪಕ್ಕ ನಿಲ್ಲಿಸಿದರೆ, ಸಾಮಾನ್ಯವಾಗಿ ನಮ್ಮವನಲ್ಲಿ ಲೆಪ್ಟಿನ್ ಜಾಸ್ತಿ, ಅಡಿಪೊನೆಕ್ಟಿನ್ ಕಡಿಮೆ. ಅಮೆರಿಕದಲ್ಲಿ ಮಸಾಲಾ ಅಂತ ಒಂದು ಅಧ್ಯಯನ ಇದೆ. ನಿಜಕ್ಕೂ ಅದೇ ಹೆಸರು, ನಗಬೇಡಿ. 2010ರಿಂದ 2013ರ ನಡುವೆ ಸ್ಯಾನ್ ಫ್ರಾನ್ಸಿಸ್ಕೋ ಕಡೆಯ ಮತ್ತು ಶಿಕಾಗೋ ಕಡೆಯ 906 ದಕ್ಷಿಣ ಏಷ್ಯಾದವರನ್ನು ಸೇರಿಸಿಕೊಂಡರು. ಅದಕ್ಕೂ ಮೊದಲೇ ಮೆಸಾ ಅಂತ ಇನ್ನೊಂದು ನಡೆಯುತ್ತಿತ್ತು. ಅದರಲ್ಲಿ ಬಿಳಿಯರು, ಕಪ್ಪು ಜನ, ಚೀನಾ ಮೂಲದವರು, ಲ್ಯಾಟಿನ್ ಅಮೆರಿಕ ಮೂಲದವರು, ಒಟ್ಟು 6,814 ಜನ. ಎರಡನ್ನೂ ಹೋಲಿಸಿದಾಗ ನಮ್ಮವರಲ್ಲಿ ಮಾಂಸಖಂಡ ಕಡಿಮೆ, ಸ್ನಾಯುಗಳ ನಡುವೆ ಕೊಬ್ಬು ಜಾಸ್ತಿ, ರೆಸಿಸ್ಟಿನ್ ಜಾಸ್ತಿ.

ನಿಮ್ಮ ಕಸಿನ್ ಡಾಕ್ಟರ್ ಹೇಳಿದ್ದು ಸರಿ. ಏಷ್ಯಾದವರಿಗೆ 23ರಿಂದ ಎಚ್ಚರ ಅಂತ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲೇ ಹೇಳಿದ್ದರು. ನಮ್ಮ ದೇಶದ ತಜ್ಞರು 2009ರಲ್ಲಿ 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು ಎಂದು ಒಪ್ಪಿಕೊಂಡರು. ಮಿಲ್ಲಿನ ಚಾರ್ಟ್ ಹಳೇದು.

ಪ್ರಶ್ನೆ_ಮಾಡು_ಕೊಪ್ಪಳ:

ಮೇಡಂ, ಇಷ್ಟು ವರ್ಷ ಜಾತಿ ಸಾಲದು ಅಂತ ಈಗ ಕೊಬ್ಬಿನಲ್ಲೂ ಜನಾಂಗಾನಾ?

ಸಿಟ್ಟಿನಿಂದ ಕೇಳುತ್ತಿಲ್ಲ. "ದಕ್ಷಿಣ ಏಷ್ಯಾದವರು" ಅಂದರೆ ಯಾರು? ಸಿಂಧನೂರಿನ ಕ್ಯಾಂಪುಗಳನ್ನೇ ನೋಡಿ. ಆಂಧ್ರದಿಂದ ಬಂದು ಭತ್ತ ಬೆಳೆದವರಿದ್ದಾರೆ, ಬಂಗಾಳದಿಂದ ಬಂದು ನೆಲೆಸಿದವರಿದ್ದಾರೆ, ಮೊದಲಿಂದ ಇದ್ದ ನಾವಿದ್ದೇವೆ. ಎಲ್ಲರನ್ನೂ ಒಂದೇ ಚೀಲಕ್ಕೆ ತುಂಬಿ ಹೊಲಿದುಬಿಡುತ್ತೀರಾ? ಶಿಕಾಗೋದಲ್ಲಿ ಕೂತು ಕೆಲಸ ಮಾಡುವ ಎಂಜಿನಿಯರಿನ ರಕ್ತ ನೋಡಿ ಕುಷ್ಟಗಿಯ ಕೂಲಿಯವನ ಬಗ್ಗೆ ಹೇಳುವುದು ಎಷ್ಟು ಸರಿ? ನಮ್ಮ ರಕ್ತವೇ ಹೀಗೆ ಅಂದುಬಿಟ್ಟರೆ ಆಯಿತು, ಗುಟ್ಕಾ ಮಾರುವವನೂ ಪಾರು, ಎಣ್ಣೆ ಮಾರುವವನೂ ಪಾರು.

ಬಯೋಕೆಮ್_ಬಳ್ಳಾರಿ:

ಒಳ್ಳೆಯ ಪ್ರಶ್ನೆ. ನನ್ನ ಕ್ಲಾಸಿನಲ್ಲಿ ಹೀಗೆ ಕೇಳುವವರು ಕಮ್ಮಿ.

ಚೀಲ ದೊಡ್ಡದಾಯಿತು ಅನ್ನುವುದನ್ನು ಒಪ್ಪುತ್ತೇನೆ. ಅದು ಸರಾಸರಿಯ ಮಾತು. ನಿಮ್ಮೊಬ್ಬರ ರಕ್ತದಲ್ಲಿ ಏನಿದೆ ಅಂತ ನಿಮ್ಮ ಊರಿನ ಹೆಸರು ಹೇಳುವುದಿಲ್ಲ. ಆದರೆ ಇದು ಬರೀ ಅಮೆರಿಕಕ್ಕೆ ಹೋದವರ ಕಥೆಯೂ ಅಲ್ಲ. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ತಮ್ಮದೇ ಫೋಟೋವನ್ನು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಹಾಕಿಸಿದರು. ಇಬ್ಬರದ್ದೂ ಬಿಎಂಐ 22.3. ಇಬ್ಬರೂ ಸಣ್ಣಗೆ ಕಾಣುತ್ತಾರೆ. ಸ್ಕ್ಯಾನ್ ಮಾಡಿದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ಮೈಯಲ್ಲಿ ಶೇ. 21.2! ಎರಡು ಪಟ್ಟಿಗೂ ಜಾಸ್ತಿ. ಹುಡುಗರಿಗೆ ಈ ಫೋಟೋ ತೋರಿಸಿದರೆ ಮೊದಲು ನಗುತ್ತಾರೆ, ಆಮೇಲೆ ತಮ್ಮ ಹೊಟ್ಟೆ ನೋಡಿಕೊಳ್ಳುತ್ತಾರೆ.

ಅದೇ ಯಾಜ್ಞಿಕ್ ತಂಡ ಪುಣೆ ಸುತ್ತಲ ಹಳ್ಳಿಯ ಕೂಸುಗಳನ್ನು ಇಂಗ್ಲೆಂಡಿನ ಕೂಸುಗಳ ಜೊತೆ ಹೋಲಿಸಿತು. ನಮ್ಮ ಕೂಸು ಸರಾಸರಿ 2.7 ಕೆಜಿ, ಅವರದ್ದು 3.5. ಸಣ್ಣ ಕೂಸು, ಕೈಕಾಲಲ್ಲಿ ಮಾಂಸ ಕಡಿಮೆ. ಕೊಬ್ಬು ಮಾತ್ರ ಅಷ್ಟು ಕಡಿಮೆ ಇಲ್ಲ. ಅವರ ಇನ್ನೊಂದು ಹೋಲಿಕೆಯಲ್ಲಿ ನಮ್ಮ ಕೂಸುಗಳ ಹೊಕ್ಕುಳಬಳ್ಳಿಯ ರಕ್ತದಲ್ಲೇ, ತೂಕದ ಲೆಕ್ಕ ಹಿಡಿದರೆ, ಲೆಪ್ಟಿನ್ ಹೆಚ್ಚು, ಅಡಿಪೊನೆಕ್ಟಿನ್ ಕಡಿಮೆ ಇತ್ತು. ಆ ಕೂಸು ಇನ್ನೂ ಒಂದು ಮಿರ್ಚಿಯನ್ನೂ ತಿಂದಿಲ್ಲ ಅಲ್ವಾ? ಹಾಗಂತ ಇದನ್ನು "ಜನಾಂಗ" ಎಂದು ಮುಗಿಸುವಂತಿಲ್ಲ. ತಾಯಿ ಏನುಂಡಳು, ಬಸುರಿಯಾಗಿದ್ದಾಗ ಎಷ್ಟು ದುಡಿದಳು, ಅವಳ ತಾಯಿಗೆ ಎಷ್ಟು ಸಿಕ್ಕಿತ್ತು ಅನ್ನುವುದೂ ಹೊಟ್ಟೆಯೊಳಗಿನ ಕೂಸಿನ ಮೈಗೆ ಇಳಿಯುತ್ತದೆ.

ಇನ್ನೂ ಒಂದು ತಮಾಷೆ. ಅಮೆರಿಕದ ಕಪ್ಪು ಜನರಲ್ಲೂ ಅಡಿಪೊನೆಕ್ಟಿನ್ ಬಿಳಿಯರಿಗಿಂತ ಕಡಿಮೆ. ಆದರೆ ಅಷ್ಟೇ ಸೊಂಟದ ಬಿಳಿಯರಿಗಿಂತ ಅವರ ಹೊಟ್ಟೆಯೊಳಗಿನ ಕೊಬ್ಬು ಕಡಿಮೆ, ರಕ್ತದಲ್ಲಿ ಓಡಾಡುವ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಕೂಡ ಕಡಿಮೆ. ಅವರನ್ನು ಕಾಡುವುದು ಹೆಚ್ಚಾಗಿ ಬಿಪಿ. ಅಂದರೆ ಒಂದೇ ಹಾರ್ಮೋನು ಕಡಿಮೆ ಇದ್ದರೂ ಎರಡು ಜನರಲ್ಲಿ ಹಾದಿ ಬೇರೆ ಬೇರೆ. "ಅಡಿಪೊನೆಕ್ಟಿನ್ ಕಡಿಮೆ, ಹಾಗಾಗಿ ಹಾರ್ಟ್ ಅಟ್ಯಾಕ್" ಅಂತ ನೇರ ಗೆರೆ ಎಳೆಯಲು ಬರುವುದಿಲ್ಲ.

ಹಟ್ಟಿ_ಮಾಸ್ತರ:

ಮಗಳೇ, ಚೆನ್ನಾಗಿ ಬರೆದಿದ್ದೀ. ನನ್ನಂಥ ನಿವೃತ್ತ ಮಾಸ್ತರನ ತಲೆಗೆ ಹೋಗಬೇಕಾದರೆ ಹಗೇವು ಬೇಕು.

ಈಗಿನವರು ಹಗೇವು ನೋಡಿರಲಿಕ್ಕಿಲ್ಲ. ನಮ್ಮ ಅಜ್ಜನ ಮನೆಯಲ್ಲಿ ಎರಡು ಇದ್ದವು. ನೆಲದೊಳಗೆ ಕೊಡದಂಥ ಗುಂಡಿ, ಬಾಯಿ ಸಣ್ಣದು, ಒಳಗೆ ಜೋಳ ತುಂಬಿ ಕಲ್ಲು ಮುಚ್ಚಿ ಮಣ್ಣು ಬಡಿಯುತ್ತಿದ್ದರು. ಹಗೇವು ದೊಡ್ಡದಿದ್ದರೆ ಎಷ್ಟು ಬೆಳೆದರೂ ಮನೆ ಸ್ವಚ್ಛ. ಹಗೇವು ಸಣ್ಣದಿದ್ದು ಬೆಳೆ ಜೋರು ಬಂದರೆ? ಚೀಲ ಪಡಸಾಲೆಗೆ ಬರುತ್ತವೆ, ಅಡುಗೆಮನೆಗೆ ಬರುತ್ತವೆ, ದೇವರ ಕೋಣೆಗೂ ಬರುತ್ತವೆ. ಹಿಂದೆಯೇ ಇಲಿ, ಹುಳ.

ಚರ್ಮದ ಕೆಳಗಿನ ಕೊಬ್ಬು ನಮ್ಮ ಹಗೇವು ಅಂತ ನನಗೆ ಅನಿಸಿತು. ನಮ್ಮವರಿಗೆ ಅದು ಸಣ್ಣದೇನೋ. ಬೇಗ ತುಂಬಿ ಉಳಿದದ್ದು ಲಿವರಿಗೆ, ಕರುಳಿನ ಸುತ್ತ, ಹೃದಯದ ಸುತ್ತ ಹೋಗಿ ಕೂಡುತ್ತದೆ. ಸರಿಯಾಯಿತಾ ಮಗಳೇ?

ಬಯೋಕೆಮ್_ಬಳ್ಳಾರಿ:

ಮಾಸ್ತರೇ, ಇದನ್ನು ನಾಳೆ ಕ್ಲಾಸಿನಲ್ಲಿ ಹೇಳುತ್ತೇನೆ, ನಿಮ್ಮ ಹೆಸರಲ್ಲೇ! ವಿಜ್ಞಾನಿಗಳು ಮುಂದಿಟ್ಟಿರುವ ಒಂದು ವಾದ ಹೆಚ್ಚುಕಡಿಮೆ ಇದೇ. ತುಂಬಿ ಬಿಗಿದ ಕೊಬ್ಬಿನ ಕೋಶವೇ ಅಡಿಪೊನೆಕ್ಟಿನ್ ಕಡಿಮೆ ಮಾಡಿ ಉರಿಯೂತದ ವಸ್ತು ಜಾಸ್ತಿ ಬಿಡುತ್ತದೆ. ಹಾರ್ಮೋನು ಏರುಪೇರಾಯಿತು ಅಂದರೆ ಹಗೇವು ತುಂಬಿತು ಅಂತ ಯಾರೋ ಕೂಗಿದ ಹಾಗೆ.

ಜೀನ್ಸ್_ಟೇಲರ್:

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಕೆಲಸ ನನ್ನದು. ದೊಡ್ಡವರ ಮಾತಿನ ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ.

ಸೊಂಟದ ವಿಷಯದಲ್ಲಿ ಗಂಡಸರು ಹೇಳುವಷ್ಟು ಸುಳ್ಳು ಬೇರೆ ಯಾವುದರಲ್ಲೂ ಹೇಳುವುದಿಲ್ಲ. ಬೇಕಂತ ಹೇಳುವುದಲ್ಲ, ಅವರಿಗೇ ಗೊತ್ತಿರುವುದಿಲ್ಲ. "ಮದುವೆಯಾದಾಗಿಂದ ನನ್ನ ಸೈಜ್ 34" ಅಂತಾರೆ. ನಿಜಾನೇ. ಪ್ಯಾಂಟ್ 34ರಲ್ಲೇ ಇದೆ, ಹೊಟ್ಟೆ ಬಂದ ಹಾಗೆಲ್ಲ ಪ್ಯಾಂಟ್ ಕೆಳಗೆ ಇಳಿದಿದೆ. ಮೊದಲು ಹೊಕ್ಕುಳ ಹತ್ತಿರ ಕಟ್ಟುತ್ತಿದ್ದವರು ಈಗ ಹೊಟ್ಟೆಯ ಕೆಳಗೆ ಬೆಲ್ಟ್ ಹಾಕುತ್ತಾರೆ. ಅದೂ ಅಲ್ಲದೆ ಲೇಬಲ್ ಮೇಲೆ 34 ಅಂತ ಇದ್ದರೂ ಟೇಪ್ ಹಿಡಿದರೆ 35, 36 ಬರುವ ಮಾಲು ಎಷ್ಟೋ ಇರುತ್ತದೆ. ಗಿರಾಕಿಗೆ ಖುಷಿ ಆಗಬೇಕಲ್ಲ.

ಅಣ್ಣನ ಸೈಜ್ ಎಷ್ಟು ಅಂತ ಕೇಳಬೇಡಿ. ಅಂಗಿ ತೆಗೆಸಿ ಟೇಪ್ ಹಿಡಿಯಿರಿ. ಎಲ್ಲಿ ಹಿಡಿಯಬೇಕು ಅಂತ ನರ್ಸ್ ಅಕ್ಕ ಹೇಳಲಿ, ನಮ್ಮ ಟೇಲರಿಂಗ್ ಅಳತೆ ಬೇರೆ.

ಗಂಗಾವತಿ_ಅಕ್ಕ:

ಟೇಲರ್ ತಮ್ಮಾ, ಸರಿಯಾದ ಮಾತು. ಹೆಂಗಸರದ್ದೂ ಅದೇ ಕಥೆ. ಲಂಗದ ಲಾಡಿ ಎಷ್ಟು ಬೇಕಾದರೂ ಸಡಿಲ ಬಿಡಬಹುದು, ಸೀರೆ ಎಲ್ಲವನ್ನೂ ಮುಚ್ಚುತ್ತದೆ.

ಅಳತೆ ಹೀಗೆ. ಪಕ್ಕದಲ್ಲಿ ಕೊನೆಯ ಪಕ್ಕೆಲುಬು ಮುಟ್ಟಿ ನೋಡಿ. ಕೆಳಗೆ ಸೊಂಟದ ಎಲುಬಿನ ಮೇಲಿನ ಅಂಚು ಮುಟ್ಟಿ. ಎರಡರ ನಟ್ಟನಡುವೆ ಟೇಪ್ ಬರಬೇಕು. ಟೇಪ್ ಸುತ್ತಲೂ ಸಮ ಇರಲಿ, ಹಿಂದೆ ಜಾರುತ್ತದೆ ನೋಡಿಕೊಳ್ಳಿ. ಉಸಿರು ಸಹಜವಾಗಿ ಬಿಟ್ಟ ಮೇಲೆ ಓದಿ. ಹೊಟ್ಟೆ ಒಳಗೆ ಎಳೆದುಕೊಂಡರೆ ಇನ್ನೊಮ್ಮೆ. ನಮ್ಮ ಗಂಡಸರಿಗೆ 90 ಸೆಂಟಿಮೀಟರ್ ಗಡಿ, ಹೆಂಗಸರಿಗೆ 80. ಅಮೆರಿಕದವರು ತಮ್ಮ ಜನರಿಗೆ 102 ಮತ್ತು 88 ಅಂತ ಇಟ್ಟುಕೊಂಡಿದ್ದರು. ಆ ಲೆಕ್ಕದಲ್ಲಿ ನಮ್ಮೂರಲ್ಲಿ ಬಹಳ ಜನ ಪಾಸ್.

ಅಂದ ಹಾಗೆ ಗುಟ್ಕಾ ಪ್ರಶ್ನೆ ಹಾಗೇ ಉಳಿಯಿತು.

ಸಿಂಧನೂರು_ಲೆಕ್ಕ:

ಅಕ್ಕಾ, ಇತ್ತು. ದಿನಕ್ಕೆ ಆರೇಳು ಪಾಕೀಟು, ಇಪ್ಪತ್ತು ವರ್ಷ. ಮೊದಲೇ ಬರೆಯಬೇಕಿತ್ತು. ಅತ್ತಿಗೆ ಇದನ್ನು ಓದುತ್ತಾರೆ ಅಂತ ಬಿಟ್ಟಿದ್ದೆ. ಆಸ್ಪತ್ರೆಯಲ್ಲಿ ಶುಗರ್ ಕೂಡ ಹೊಸದಾಗಿ ಸಿಕ್ಕಿತು.

ಇನ್ನೊಂದು ವಿಷಯ. ಒಂದು ಖಾಸಗಿ ಲ್ಯಾಬಿನಿಂದ ನನಗೆ ಫೋನ್ ಮೇಲೆ ಫೋನ್. ಅಣ್ಣನ ಸುದ್ದಿ ಅವರಿಗೆ ಹೇಗೆ ಗೊತ್ತಾಯಿತೋ ದೇವರೇ ಬಲ್ಲ. ಲೆಪ್ಟಿನ್, ಅಡಿಪೊನೆಕ್ಟಿನ್ ಎಲ್ಲ ಸೇರಿ "ಹೃದಯ ಹಾರ್ಮೋನ್ ಪ್ಯಾಕೇಜ್" 6,500 ರೂಪಾಯಿ ಅಂತೆ. ಇವತ್ತೇ ಮಾಡಿಸಿದರೆ 4,999. ಮಾಡಿಸಲಾ?

ಗಂಗಾವತಿ_ಅಕ್ಕ:

ಹೇಳಿದ್ದು ಒಳ್ಳೆಯದಾಯಿತು. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ಜಗಿಯುವ ತಂಬಾಕಿನವರಿಗೂ ಹಾರ್ಟ್ ಅಟ್ಯಾಕ್ ಅಪಾಯ ಸುಮಾರು ಎರಡು ಪಟ್ಟು ಇತ್ತು. ಮೊದಲ ಅಟ್ಯಾಕ್ ಆದವರಲ್ಲಿ ನಮ್ಮ ಕಡೆಯ ದೇಶಗಳ ಅರ್ಧ ಜನಕ್ಕೆ ಅದು 53ರೊಳಗೇ ಬಂದಿತ್ತು, ಬೇರೆಯವರಲ್ಲಿ ಅರ್ಧ ಜನಕ್ಕೆ ಸುಮಾರು 59ರೊಳಗೆ ಅಂತಲೂ ಅದರಲ್ಲೇ ಬಂತು. ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸಿ. ಇನ್ನು ಮನೆಯಲ್ಲಿ ಜೇಬು ತಪಾಸಣೆ ಅವರ ಕೆಲಸ.

ಬಯೋಕೆಮ್_ಬಳ್ಳಾರಿ:

ಪ್ಯಾಕೇಜ್ ಬೇಡ ಸರ್. ಇದೇ ವಿಷಯದ ಮೇಲೆ ಅನ್ನ ತಿನ್ನುವವಳು ಹೇಳುತ್ತಿದ್ದೇನೆ.

ಲೆಪ್ಟಿನ್ ಎಷ್ಟು ಬಂದರೆ ಏನು ಔಷಧ? ಏನೂ ಇಲ್ಲ. ಮೈಯಲ್ಲಿ ಕೊಬ್ಬೇ ಇಲ್ಲದಂಥ ಒಂದು ಅಪರೂಪದ ಕಾಯಿಲೆಗೆ ಲೆಪ್ಟಿನ್ ಇಂಜೆಕ್ಷನ್ನಿಗೆ 2014ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಸಾಮಾನ್ಯ ಬೊಜ್ಜಿಗೆ ಅದು ನಾಟುವುದಿಲ್ಲ. ಕಿವುಡನ ಮುಂದೆ ಇನ್ನೂ ಜೋರಾಗಿ ಕೂಗಿದಂತೆ. ಮೆಸಾದವರು ವರ್ಷಗಟ್ಟಲೆ ಜನರ ಹಿಂದೆ ಬಿದ್ದು ನೋಡಿದರೂ, ಉಳಿದ ಅಪಾಯಗಳನ್ನು ಲೆಕ್ಕಕ್ಕೆ ಹಿಡಿದ ಮೇಲೆ ಲೆಪ್ಟಿನ್ ಮಟ್ಟಕ್ಕೂ ಹೃದಯದ ಕಾಯಿಲೆಗೂ ನಂಟು ಸಿಗಲಿಲ್ಲ.

ಅಡಿಪೊನೆಕ್ಟಿನ್ ಇನ್ನೂ ತಿರುಚಾಮುರುಚಿ. ಜಾಸ್ತಿ ಇದ್ದಷ್ಟು ಒಳ್ಳೆಯದು ಅಂತ ಎಲ್ಲರೂ ನಂಬಿದ್ದರು. ಆದರೆ ಹೃದಯದ ಪಂಪ್ ಶಕ್ತಿ ಕುಗ್ಗಿದವರಲ್ಲಿ (ಹಾರ್ಟ್ ಫೇಲ್ಯೂರ್), ವಯಸ್ಸಾದವರಲ್ಲಿ ಅದು ಜಾಸ್ತಿ ಇದ್ದವರೇ ಹೆಚ್ಚು ಸಾಯುತ್ತಾರೆ ಅಂತ ಕಂಡಿತು. ಹುಟ್ಟಿನಿಂದಲೇ ಅಡಿಪೊನೆಕ್ಟಿನ್ ಜಾಸ್ತಿ ಇರುವಂಥ ಜೀನ್ ಇರುವವರಿಗೆ ಹೃದಯಾಘಾತ ಕಡಿಮೆಯಾ ಅಂತ ನೋಡಿದರೆ ಅದೂ ಕಾಣಲಿಲ್ಲ. ಅದು ಕಾವಲುಗಾರನೋ, ಬರೀ ಸಾಕ್ಷಿಯೋ ಅನ್ನುವ ಜಗಳ ಮುಗಿದಿಲ್ಲ. ಅಂಥ ಸಾಕ್ಷಿಗೆ ನೀವು 4,999 ಕೊಡಬೇಕಾ?

ಖಾಲಿ ಹೊಟ್ಟೆಯ ಶುಗರ್, ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಶುಗರ್ ಸರಾಸರಿ), ಲಿಪಿಡ್ (ರಕ್ತದ ಕೊಬ್ಬು), ಬಿಪಿ ಮಾಡಿಸಿ. ಆಮೇಲೆ ಟೇಪು. ರಿಪೋರ್ಟನ್ನು ಡಾಕ್ಟರಿಗೆ ತೋರಿಸುವಾಗ ಅಣ್ಣನಿಗೆ ಅಟ್ಯಾಕ್ ಆದ ವಯಸ್ಸು ಹೇಳುವುದನ್ನು ಮರೆಯಬೇಡಿ.

ರೊಟ್ಟಿ_ರಾಯಚೂರು:

ಇದಕ್ಕೆಲ್ಲ ಕಾರಣ ಕಾಲುವೆ! ತುಂಗಭದ್ರಾ ನೀರು ಬರುವ ಮೊದಲು ನಾವು ಜೋಳ, ಸಜ್ಜೆ, ನವಣೆ ತಿನ್ನುತ್ತಿದ್ದೆವು. ಈಗ ಮೂರು ಹೊತ್ತು ಸೋನಾ ಮಸೂರಿ. ರೊಟ್ಟಿಗೆ ವಾಪಸ್ ಬನ್ನಿ, ಹಾರ್ಮೋನು ತಾನೇ ಸರಿಹೋಗುತ್ತದೆ.

ಹಟ್ಟಿ_ಮಾಸ್ತರ:

ತಮ್ಮಾ, ನಾನು ರೊಟ್ಟಿಯವನೇ. 58ಕ್ಕೆ ಶುಗರ್ ಬಂತು. ರೊಟ್ಟಿ ಜೊತೆ ಶೇಂಗಾ ಚಟ್ನಿ, ಮೇಲೆ ಎಣ್ಣೆ, ಸಂಜೆ ಮಂಡಕ್ಕಿ ಮಿರ್ಚಿ, ಆಮೇಲೆ ಕಟ್ಟೆ ಮೇಲೆ ಹರಟೆ. ಅಜ್ಜ ಅದೇ ರೊಟ್ಟಿ ತಿಂದು ಹೊಲಕ್ಕೆ ಎರಡು ಹರದಾರಿ ನಡೆಯುತ್ತಿದ್ದ. ನಾನು ಸ್ಕೂಟರ್ ಮೇಲೆ ಹೋಗಿ ವರ್ಣಮಾಲೆ ಕಲಿಸಿದೆ.

ಪ್ರಶ್ನೆ_ಮಾಡು_ಕೊಪ್ಪಳ:

ಮಾಸ್ತರ ಮಾತು ನನ್ನ ಮಾತೇ. ರಕ್ತ ಒಂದೇ, ಬದುಕು ಬದಲಾಯಿತು. ಆದರೂ ಮೇಡಂ ಹೇಳಿದ ಕೂಸಿನ ಲೆಕ್ಕ ತಲೆಯಿಂದ ಹೋಗುತ್ತಿಲ್ಲ. ನನ್ನ ಮಗಳು ಹುಟ್ಟಿದಾಗ 2.6 ಇದ್ದಳು. ಅವಳ ಅಜ್ಜಿ ಬರದ ವರ್ಷಗಳಲ್ಲಿ ಹಡೆದವಳು. ತೂಕ ಹಾಕಿದ್ದೇವೆ, ಸಂತೋಷಪಟ್ಟಿದ್ದೇವೆ, ಅಷ್ಟೇ.

ಗಂಗಾವತಿ_ಅಕ್ಕ:

ಅಣ್ಣಾ, ಹೆದರಬೇಡಿ. ಸಣ್ಣಗೆ ಹುಟ್ಟಿದ ಮಕ್ಕಳನ್ನು "ಗುಂಡಗೆ ಮಾಡಬೇಕು" ಅಂತ ಬಿಸ್ಕತ್ತು, ತುಪ್ಪ ತುರುಕುವುದನ್ನು ಬಿಡಿ. ಓಡಾಡಿ ಆಡಲಿ.

ಸಿಂಧನೂರು_ಲೆಕ್ಕ:

ಎಲ್ಲರಿಗೂ ಧನ್ಯವಾದ. ಲ್ಯಾಬಿನ ನಂಬರ್ ಬ್ಲಾಕ್ ಮಾಡಿದೆ.

ನಿನ್ನೆ ಬೆಳಿಗ್ಗೆ ಟೇಪ್ ತೆಗೆದುಕೊಂಡು ಅಣ್ಣನ ಮನೆಗೆ ಹೋದೆ. ಅವನ ಪ್ಯಾಂಟ್ 34. ಟೇಪ್ 95 ಸೆಂಟಿಮೀಟರ್ ತೋರಿಸಿತು, ಅಂದರೆ ಮೂವತ್ತೇಳೂವರೆ ಇಂಚು ಹತ್ತಿರ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಬನಿಯನ್ ಒಳಗೆ ಮಗುಚಿಟ್ಟ ಬುಟ್ಟಿ. ಇಷ್ಟು ವರ್ಷ ಒಂದೇ ಮನೆಯಲ್ಲಿ ಬೆಳೆದವನು, ನಾನು ನೋಡಿಯೇ ಇರಲಿಲ್ಲ. ಆಮೇಲೆ ಅತ್ತಿಗೆ ಟೇಪ್ ಕಸಿದುಕೊಂಡು ನನಗೆ ಸುತ್ತಿದರು. 92. ಉಸಿರು ಎಳೆದುಕೊಂಡಿದ್ದೆ, ಬೈದು ಇನ್ನೊಮ್ಮೆ ಹಿಡಿದರು. 94.

ಮಿಲ್ಲಿಗೆ ಬಂದು ಗೋಡೆಯ ಚಾರ್ಟಿನಲ್ಲಿ 25 ಹೊಡೆದು ಹಾಕಿ ಸ್ಕೆಚ್ ಪೆನ್ನಿನಲ್ಲಿ 23 ಬರೆದೆ. ಅದನ್ನು ನೋಡಿ ಹಮಾಲರು ಸುತ್ತ ನೆರೆದರು. ಒಬ್ಬೊಬ್ಬರಾಗಿ ಅಳತೆ ಕೊಟ್ಟರು. ದಿನವಿಡೀ ಚೀಲ ಹೊರುವ ಹುಡುಗನಿಗೆ 74 ಬಂತು, ಅವನು ಕುಣಿದ. ಲಾರಿ ಡ್ರೈವರಿಗೆ 101, ಅವನು ಟೇಪ್ ತಪ್ಪಿದೆ ಅಂದ. ಸಾಹುಕಾರರೂ ಬಂದು ನಿಂತು ನೋಡಿದರು. "ನಿಮ್ಮದೂ ಹಿಡಿಯಲಾ ಸಾವ್ಕಾರ್ರೇ?" ಅಂತ ಹುಡುಗ ಕೇಳಿದ. ಈಗ ತಾನೇ ಊಟ ಆಗಿದೆ, ನಾಳೆ ನೋಡೋಣ ಅಂತ ಒಳಗೆ ಹೋದರು. ಗಂಟೆ ಆಗ ಹತ್ತೂವರೆ.